ವೈರ್ ಕಿತ್ತು ಓಡಿಸಿದ ಕಾರು

ಕಾರು ತುಮಕೂರಿನ ನನ್ನ ರಿಪೇರಿ ಷೆಡ್ಡಿನ ಮುಂದೆ ಬಂದು ನಿಂತಾಗ ಮೊದಲು ಮೂಗಿಗೆ ಬಡಿದದ್ದು ಪೆಟ್ರೋಲ್ ವಾಸನೆ. ಕಣ್ಣು ಉರಿಯುವಷ್ಟು. ಎಂಜಿನ್ ನಿಲ್ಲಿಸಿದ ಮೇಲೂ ಸೈಲೆನ್ಸರ್ ಬಾಯಲ್ಲಿ ಮಸಿ ಕಟ್ಟಿಕೊಂಡು ಒದ್ದೆಯಾಗಿತ್ತು. ಇಳಿದವನು ಗುಬ್ಬಿಯವನು. ಮನೆಯವರದು ಕೊಬ್ಬರಿ ವ್ಯಾಪಾರ, ಇವನಿಗೆ ರ‍್ಯಾಲಿ ಹುಚ್ಚು. ಇವನ ಹಳೇ ಕಾರ್ಬೊರೇಟರ್ ಗಾಡಿಯನ್ನು ನಮ್ಮ ಯಜಮಾನರು ಎಷ್ಟೋ ವರ್ಷ ನೋಡಿಕೊಂಡಿದ್ದರು. ಅವರು ಹೋದ ಮೇಲೆ ಇವನು ನನ್ನ ಷೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು.

"ಅಜ್ಜಿ, ಗಾಡಿ ಕುಡೀತೈತೆ. ಸುಮ್ನೆ ಓಡ್ಸುದ್ರೆ ಗುಂಯ್‌ಗುಟ್ಕೊಂಡು ಮಂಕಾಗ್ತದೆ. ಪೆಡಲ್ ಪೂರ್ತಿ ಒತ್ತಿದ್ರೆ ಮಾತ್ರ ಹುಲಿ."

"ಬೆಂಗಳೂರಿನ ಟ್ಯೂನರ್ ಮಾಡಿದ್ದಲ್ವೇನ್ಲಾ ಇದು? ಅವನ ಹತ್ರ ಹೋಗು."

"ಅವ್ನಿಗೆ ಬೇರೆ ಟೀಮ್ ಕೆಲ್ಸ ಮೈಮೇಲೈತೆ. ಕುಣಿಗಲ್ ಕಡೆ ರ‍್ಯಾಲಿ ಹತ್ರ ಬಂತು. ನೀವು ನೋಡಿ. ಆಗ್ಲಿಲ್ಲ ಅಂದ್ರೆ ಹೇಳಿ, ಈ ಸಲ ಹೆಸ್ರು ತಗುಸ್ತೀನಿ."

ಪಕ್ಕದ ಪಂಕ್ಚರ್ ಅಂಗಡಿಯಿಂದ ನನ್ನ ಮೈದುನ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಷೆಡ್ ಇರುವ ಜಾಗ ನಮ್ಮ ಮಾವನ ಕಾಲದ್ದು, ಅರ್ಧ ಅವನಿಗೂ ಸೇರಿದ್ದು. ಅವನಿಗೆ ಟೈರ್ ಇಡಲು ಜಾಗ ಸಾಲದು. ನನ್ನ ಷೆಡ್ಡಿಗೋ ಗಾಡಿ ಬರುತ್ತಿರಲಿಲ್ಲ. ಹೆಂಗಸೊಬ್ಬಳೇ ಇದ್ದಾಳೆ ಎಂದು ಜನ ಮುಂದಿನ ಗ್ಯಾರೇಜಿಗೆ ಹೋಗುತ್ತಿದ್ದರು. ಯಜಮಾನರು ಇದ್ದಾಗ ಇದೇ ಕೈಯೇ ಕೆಲಸ ಮಾಡುತ್ತಿತ್ತು ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಮರೆತಿದ್ದರು.

ಗುಬ್ಬಿಯವನು ಬಸ್ಸು ಹತ್ತಿ ಹೋದ ಮೇಲೆ ಮೈದುನ ಕೈ ಒರೆಸಿಕೊಳ್ಳುತ್ತಾ ಬಂದ.

"ಅತ್ತಿಗೆ, ಒಂದ್ ಮಾತು. ಈ ಕಾರು ರ‍್ಯಾಲಿ ಓಡಿ ಮುಗಿಸ್ತು ಅಂದ್ರೆ ನಾನು ಷೆಡ್ ಇಚಾರ ಇನ್ನೆತ್ತಲ್ಲ. ಮುಗಿಸ್ಲಿಲ್ಲ ಅಂದ್ರೆ ಬೀಗದ ಕೈ ಕೊಟ್ಬುಡಿ."

"ಕೊಡ್ತೀನಿ."

"ಕೋಪ ಮಾಡ್ಕೋಬೇಡಿ."

"ಕೊಡ್ತೀನಿ ಅಂದ್ನಲ್ಲಪ್ಪ. ಹೋಗು, ನಿನ್ನ ಟ್ಯೂಬ್ ಸುಟ್ಟೋಗ್ತೈತೆ ನೋಡು."

ಬೀಗದ ಕೈ ಕೊಟ್ಟರೆ ನಾನು ಮಗಳ ಊರು ಚೇಳೂರಿಗೆ ಹೋಗಬೇಕು. ಮೊಮ್ಮಕ್ಕಳ ಜಡೆ ಹೆಣೆದುಕೊಂಡು ಜಗಲಿ ಮೇಲೆ ಕೂರಬೇಕು. ಮಕ್ಕಳು ಒಳ್ಳೆಯವೇ. ಆದರೆ ನನಗೆ ಜಡೆ ಹೆಣೆಯುವುದಕ್ಕೆ ಬರುವುದಿಲ್ಲ.

ಬಾನೆಟ್ ತೆಗೆದೆ. ನಾನು ಓದಿದ್ದು ಮೂರನೇ ಕ್ಲಾಸು. ಈ ಕಾರಿನಲ್ಲಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಟರ್. ಎಷ್ಟು ಪೆಟ್ರೋಲ್ ಬಿಡಬೇಕು ಎಂದು ಲೆಕ್ಕ ಹಾಕುವುದು ಸೀಟಿನ ಕೆಳಗಿರುವ ಕಂಪ್ಯೂಟರ್. ಬೆಂಗಳೂರಿನ ಟ್ಯೂನರ್ ಅದರ ಜೊತೆಗೆ ಅಂಗೈ ಅಗಲದ ಒಂದು ಡಬ್ಬಿ ಸೇರಿಸಿದ್ದ. ಡಬ್ಬಿಯ ಮೇಲೆ ಐದು ತಿರುಪು, ಎಂಜಿನ್ನಿನ ಒಂದೊಂದು ವೇಗಕ್ಕೆ ಒಂದೊಂದು. ಎಡಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಬಲಕ್ಕೆ ತಿರುಗಿಸಿದರೆ ಜಾಸ್ತಿ. ತಿರುಪು ಅಂದರೆ ನನಗೆ ಹೆದರಿಕೆಯಿಲ್ಲ. ಪ್ಲಗ್ ಬಿಚ್ಚಿದೆ. ನಾಲ್ಕೂ ಕಪ್ಪಗೆ ಒಲೆಯ ಮಸಿಯ ಹಾಗಿದ್ದವು. ಪೆಟ್ರೋಲ್ ಜಾಸ್ತಿಯಾಗಿದೆ ಎಂದು ಎಂಥವರಿಗೂ ಗೊತ್ತಾಗುತ್ತದೆ. ತಿರುಪುಗಳನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದೆ.

ವಾಸನೆ ಹೋಯಿತು. ಇಷ್ಟೇನಾ ಎಂದುಕೊಂಡೆ. ಗೂಳೂರಿನವರೆಗೆ ನಾನೇ ಓಡಿಸಿಕೊಂಡು ಹೋಗಿ ಬರುವಷ್ಟರಲ್ಲಿ ವಾಸನೆ ವಾಪಸ್ ಬಂದಿತ್ತು. ಇನ್ನೂ ಎಡಕ್ಕೆ ತಿರುಗಿಸಿದೆ. ಮತ್ತೆ ಹೋಯಿತು, ಮತ್ತೆ ಬಂತು. ನಾನು ತೆಗೆದಷ್ಟನ್ನೂ ಯಾರೋ ಹಿಂದಿನಿಂದ ಸೇರಿಸುತ್ತಿದ್ದ ಹಾಗಿತ್ತು. ಹೀಗೆ ಜಗ್ಗಾಡಿ ತಿರುಪುಗಳು ಎಡದ ಕೊನೆ ಮುಟ್ಟುವುದಕ್ಕೆ ಬಂದವು.

ಗುಬ್ಬಿಯವನನ್ನು ಕರೆಸಿ ಕೋರದ ಕಡೆ ಹೆದ್ದಾರಿಗೆ ಹೊರಟೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆಲ್ಟ್ ಬಿಗಿದುಕೊಂಡಿದ್ದೆ. ರಸ್ತೆ ಖಾಲಿಯಾದಾಗ "ಪೂರ್ತಿ ಒತ್ತು" ಅಂದೆ. ಒತ್ತಿದ. ಕಾರು ಎದ್ದಿತು, ಆಮೇಲೆ ಎಂಜಿನ್ನಿನೊಳಗೆ ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು.

"ಬುಡ್ಲಾ ಕಾಲು! ಬುಡು! ಕ್ಲಚ್ ಒತ್ತಿ ಕೀ ಆಫ್ ಮಾಡು!"

ಕಾರು ತಾನಾಗಿ ಉರುಳಿಕೊಂಡು ಹೋಗಿ ಪಕ್ಕಕ್ಕೆ ನಿಂತಿತು. ಪೂರ್ತಿ ಒತ್ತಿದ್ದಾಗಲೇ ಎಂಜಿನ್ ನಿಲ್ಲಿಸಿದರೆ ಪ್ಲಗ್ಗಿನ ಮೇಲೆ ಆ ಕ್ಷಣದ ಬಣ್ಣ ಉಳಿಯುತ್ತದೆ. ಬಿಚ್ಚಿ ನೋಡಿದರೆ ಸುಣ್ಣದ ಹಾಗೆ ಬಿಳಿ. ಪೆಟ್ರೋಲ್ ಸಾಲದೆ ಒಣಗಿ ಉರಿದಿದೆ. ಇನ್ನೊಂದಿಷ್ಟು ದೂರ ಹೋಗಿದ್ದರೆ ಪಿಸ್ಟನ್ ತೂತು ಬೀಳುತ್ತಿತ್ತು. ಸುಮ್ಮನೆ ಓಡಿಸಿದರೆ ಕಪ್ಪು, ಜೋರಾಗಿ ಓಡಿಸಿದರೆ ಬಿಳಿ. ಒಂದೇ ಎಂಜಿನ್, ಅವೇ ನಾಲ್ಕು ಪ್ಲಗ್ಗು. ಹೀಗೂ ಉಂಟೇ ಎಂದು ನನಗೆ ತಲೆ ಕೆಟ್ಟಿತು.

"ಏನಜ್ಜಿ ಆಯ್ತು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಕಣೋ. ನಿಧಾನಕ್ಕೆ ವಾಪಸ್ ಹೊಡಿ."

ತಿರುಪುಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ತಂದು, ಬೂತಿಗೆ ಹೋಗಿ ಬೆಂಗಳೂರಿನ ಟ್ಯೂನರ್‌ಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ. ಕೆಲಸದ ನಡುವೆಯೂ ನಿಂತು ಹೇಳಿಕೊಟ್ಟ. ಹೊಗೆ ಕೊಳವೆಯಲ್ಲಿ ಒಂದು ಸೆನ್ಸರ್ ಇದೆ, ಅದು ಸುಟ್ಟ ಹೊಗೆಯಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ನೋಡಿ ಕಂಪ್ಯೂಟರಿಗೆ ಹೇಳುತ್ತದೆ. ಗಾಳಿ ಉಳಿದಿದ್ದರೆ ಪೆಟ್ರೋಲ್ ಸಾಲದು ಎಂದು ಕಂಪ್ಯೂಟರ್ ಸೇರಿಸುತ್ತದೆ, ಉಳಿಯದಿದ್ದರೆ ಕಡಿಮೆ ಮಾಡುತ್ತದೆ. ಇದಕ್ಕೆ ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಕಂಪ್ಯೂಟರ್ ಸೆನ್ಸರಿನ ಮಾತು ಕೇಳುವುದಿಲ್ಲ, ಒಳಗೆ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲ್ ಬಿಡುತ್ತದೆ. ಅದು ಓಪನ್ ಲೂಪ್.

"ಅಂದ್ರೆ ಸುಮ್ನೆ ಓಡಿಸೋವಾಗ ನಾನು ತಿರುಪಲ್ಲಿ ಕಮ್ಮಿ ಮಾಡಿದ್ದನ್ನ ಅದು ತುಂಬ್ಕೊಂಡ್‌ಬುಡ್ತದೆ. ಪೂರ್ತಿ ಒತ್ತಿದಾಗ ನನ್ನ ತಿರುಪು ಹಂಗೇ ನಿಲ್ತದೆ. ಅಲ್ವೇನಪ್ಪಾ?"

"ಅಷ್ಟೇ ಅಮ್ಮ. ಸರಿಯಾಗಿ ಹಿಡಿದ್ರಿ. ಆದ್ರೆ ಅದು ಯಾಕೆ ತುಂಬ್ತಾ ಇದೆ ಅನ್ನೋದು ಗಾಡಿ ನೋಡದೆ ನಾನು ಹೇಳಕಾಗಲ್ಲ."

ಇದು ನನಗೆ ತಿಳಿಯದ ವಿಷಯವಲ್ಲ ಎಂದು ಬೂತಿನಿಂದ ನಡೆದು ಬರುವಾಗ ಹೊಳೆಯಿತು. ನಾವು ಗಂಡ ಹೆಂಡತಿ ಕಾರ್ಬೊರೇಟರ್ ಕೂರಿಸುತ್ತಿದ್ದದ್ದು ಹೀಗೇ. ನಾನು ಬಾನೆಟ್ಟಿನೊಳಗೆ ತಿರುಪು ಹಿಡಿದು ನಿಲ್ಲುತ್ತಿದ್ದೆ. ಅವರು ಹಿಂದೆ ಸೈಲೆನ್ಸರ್ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೊಗೆ ಮೂಸಿ ಕೂಗುತ್ತಿದ್ದರು. ಜಾಸ್ತಿ, ಕಮ್ಮಿ, ಇನ್ನೊಂದ್ ಚೂರು. ನನ್ನ ಕೈಗೆ ಅವರ ಕೂಗು, ಅವರ ಕೂಗಿಗೆ ನನ್ನ ಕೈ. ಅವರು ಹೋದ ಮೇಲೆ ಬಂದ ಒಂದೆರಡು ಗಾಡಿಗಳಿಗೆ ತಿರುಪು ತಿರುಗಿಸಿ, ಹಿಂದಕ್ಕೆ ಓಡಿ ಮೂಸಿ, ಮತ್ತೆ ಮುಂದಕ್ಕೆ ಓಡಿ ಬರುತ್ತಿದ್ದೆ. ಓಡಿ ಬರುವಷ್ಟರಲ್ಲಿ ಎಂಜಿನ್ ಇನ್ನೇನೋ ಆಗಿರುತ್ತಿತ್ತು.

ಸೆನ್ಸರಿನ ವೈರಿಗೆ ಮೀಟರ್ ಇಟ್ಟು ನೋಡಿದೆ. ಮುಳ್ಳು ಆ ಕಡೆ ಈ ಕಡೆ ಆಡಬೇಕು ಎಂದು ಟ್ಯೂನರ್ ಹೇಳಿದ್ದ. ಆಡಲಿಲ್ಲ. ಕೆಳಗೇ ಬಿದ್ದಿತ್ತು. ಪೆಟ್ರೋಲ್ ಸಾಲದು, ಸಾಲದು ಎಂದು ಹೇಳುತ್ತಲೇ ಇತ್ತು. ಪ್ಲಗ್ ನೋಡಿದರೆ ಮಸಿ ಮೆತ್ತಿಕೊಂಡು ಕೂತಿದೆ. ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿ ಗುಬ್ಬಿಯವನನ್ನು ಬೆಂಗಳೂರಿಗೆ ಓಡಿಸಿ ಹೊಸದು ತರಿಸಿದೆ. ಹೊಸದೂ ಅದನ್ನೇ ಹೇಳಿತು.

"ಎರಡೂ ಕೆಟ್ಟಿರ್ತವಾ ಅಜ್ಜಿ?"

"ಎರಡಕ್ಕೂ ಒಂದೇ ರೋಗ ಬರಲ್ಲ ಕಣೋ. ಅವು ನೋಡಿದ್ದನ್ನೇ ಹೇಳ್ತಾ ಅವೆ. ನೋಡೋ ಜಾಗದಲ್ಲಿ ಏನೋ ಐತೆ."

ಹೊಗೆಯಲ್ಲಿ ಗಾಳಿ ಉಳಿದಿದೆ ಎಂದು ಸೆನ್ಸರ್ ಹೇಳುತ್ತಿದೆ. ಆ ಗಾಳಿ ಎಂಜಿನ್ನಿನದಲ್ಲ, ಹೊರಗಿನದು ಅಂದರೆ? ಸೆನ್ಸರಿಗಿಂತ ಮುಂಚೆ ಎಲ್ಲೋ ಸೀಳು ಬಿಟ್ಟು ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತಿದ್ದರೆ ಹೀಗೇ ಆಗಬೇಕು. ಪಾಪದ ಕಂಪ್ಯೂಟರ್ ಆ ಮಾತು ನಂಬಿಕೊಂಡು ಪೆಟ್ರೋಲ್ ಸುರಿಯುತ್ತಿದೆ.

ಸೀಳು ಹುಡುಕಲು ಗಾಳಿ ಬೇಕು. ಗಾಳಿ ಇದ್ದದ್ದು ಮೈದುನನ ಕಂಪ್ರೆಸರಿನಲ್ಲಿ. ನನ್ನ ಷೆಡ್ಡಿಗಾಗಿ ಕಾದು ಕೂತವನ ಹತ್ತಿರವೇ ಹೋಗಿ ಕೇಳಬೇಕಾಯಿತು.

"ಗಾಳಿ ಬೇಕಿತ್ತಪ್ಪ."

"ಯಾವ್ ಟೈರ್‌ಗೆ?"

"ಸೈಲೆನ್ಸರ್‌ಗೆ."

ಅವನು ಹಿಡಿದಿದ್ದ ಟ್ಯೂಬ್ ಕೆಳಗಿಟ್ಟ. ಆಮೇಲೆ ಪೈಪ್ ಎಳೆದುಕೊಂಡು ಬಂದ. ಜೊತೆಗೆ ಸೋಪಿನ ನೀರಿನ ಬಕೆಟ್ಟನ್ನೂ ತಂದ, ನಾನು ಕೇಳಿರಲಿಲ್ಲ. ಸೈಲೆನ್ಸರ್ ಬಾಯಿಗೆ ಪೈಪ್ ಇಟ್ಟು ಸುತ್ತ ಬಟ್ಟೆ ತುರುಕಿ ಗಾಳಿ ಬಿಟ್ಟೆವು. ನಾನು ಮುಂದೆ ಬಂದು ಮ್ಯಾನಿಫೋಲ್ಡಿನ ಮೇಲಿದ್ದ ತಗಡು ಬಿಚ್ಚಿದೆ. ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿನಿಂದ ಹೊಗೆ ಮೊದಲು ಇಳಿಯುವ ಎರಕದ ಕಬ್ಬಿಣದ ಕೊಳವೆ. ಅದರ ಮೇಲೆ ಉದ್ದಕ್ಕೂ ಹಳದಿ ಇಳಿದು ಸುಟ್ಟು ಅಂಟಿಕೊಂಡಿತ್ತು. ಸೋಪಿನ ನೀರು ಸವರಿದೆ. ಆ ಹಳದಿಯ ನಡುವೆಯೇ ಗುಳ್ಳೆ ಎದ್ದವು. ಕೂದಲೆಳೆಯಷ್ಟು ಸೀಳು.

"ಏನ್ಲಾ ಇದು ಹಳದಿ?"

ಗುಬ್ಬಿಯವನು ತಲೆ ಕೆರೆದುಕೊಂಡ. "ಆಯುಧಪೂಜೆ ದಿನದ್ದು ಕಣಜ್ಜಿ. ಚೇಳೂರಿಂದ ಹೊಡ್ಕೊಂಡ್ ಬಂದೆ. ರಾಹುಕಾಲ ಶುರುವಾಗ್ತೈತೆ ಅಂತ ನಮ್ಮವ್ವ ಬಾಗ್ಲಲ್ಲೇ ನಿಂತಿದ್ಲು. ಎಂಜಿನ್‌ಗೂ ಆಗ್ಬೇಕು, ಬಾನೆಟ್ ತೆಗಿ ಅಂದ್ಲು. ತೆಗ್ದೆ. ಒಂದ್ ಬಿಂದಿಗೆ ಅರಿಶಿನದ ನೀರು ಸುರುದ್‌ಬುಟ್ಲು."

"ಕಾದಿದ್ದ ಎಂಜಿನ್ ಮೇಲೆ?"

"ಚೊಂಯ್ ಅಂತು."

"ನೀನೇನ್ ಮಾಡ್ತಿದ್ದೆ?"

"ಕೈ ಮುಗುದೆ."

ಮೈದುನ ಹಿಂದಿನಿಂದ ನಕ್ಕ. ಅಣ್ಣ ಹೋದ ಮೇಲೆ ಅವನು ಆ ಷೆಡ್ಡಿನೊಳಗೆ ನಕ್ಕದ್ದು ನಾನು ಕೇಳಿರಲಿಲ್ಲ. ನನಗೂ ನಗು ಬಂತು, ಆದರೆ ಕೆಲಸ ಇತ್ತು. ಪೂಜೆ ನಾನೂ ಮಾಡುತ್ತೇನೆ, ಗಾಡಿ ತಣ್ಣಗಾದ ಮೇಲೆ ಮಾಡುತ್ತೇನೆ. ಕೆಂಡದಂತೆ ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳದೆ ಇನ್ನೇನು ಮಾಡುತ್ತದೆ?

ಹೊಸ ಮ್ಯಾನಿಫೋಲ್ಡ್ ರ‍್ಯಾಲಿಗೆ ಮುಂಚೆ ಸಿಗುವಂತಿರಲಿಲ್ಲ. ಬಿಚ್ಚಿ ವೆಲ್ಡಿಂಗ್‌ನವನ ಹತ್ತಿರ ಒಯ್ದೆ. ಬೀಡು ಕಬ್ಬಿಣಕ್ಕೆ ಹಾಗೇ ಬೆಸುಗೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಸೀಳು ಬಿಡುತ್ತದೆ. ಮೊದಲು ಇದ್ದಿಲಿನಲ್ಲಿಟ್ಟು ಎಲ್ಲ ಕಡೆ ಒಂದೇ ಸಮ ಕಾಯಿಸಬೇಕು, ಬೆಸುಗೆ ಹಾಕಿದ ಕೂಡಲೇ ಬೂದಿಯಲ್ಲಿ ಹೂತು ತಾನಾಗಿ ಆರಲು ಬಿಡಬೇಕು. ಅವನು ಅಚ್ಚುಕಟ್ಟಾಗಿ ಮಾಡಿದ. ಆರುವವರೆಗೂ ನಾನು ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಮನೆಗೆ ಹೋಗಿ ಬನ್ನಿ ಎಂದ. ಮನೆಯಲ್ಲಿ ನನಗಾಗಿ ಏನೂ ಕಾಯುತ್ತಿರಲಿಲ್ಲ, ಬೂದಿಯಲ್ಲಾದರೂ ಒಂದು ಕೆಲಸ ಇತ್ತು.

ಹಾಕಿ ಓಡಿಸಿದಾಗ ಮೀಟರಿನ ಮುಳ್ಳು ಆಡತೊಡಗಿತು. ವಾಸನೆ ಹೋಯಿತು, ಈ ಸಲ ಹೋದದ್ದು ಬರಲಿಲ್ಲ. ಗುಬ್ಬಿಯವನು ಕುಣಿಯುವುದೊಂದು ಬಾಕಿ.

ನನಗೆ ಸಮಾಧಾನವಿರಲಿಲ್ಲ. ಬೆಸುಗೆ ಹಾಕಿದ ಜಾಗವನ್ನು ಬೆರಳಲ್ಲಿ ಸವರಿ ನೋಡುತ್ತಿದ್ದೆ. ರ‍್ಯಾಲಿ ಅಂದರೆ ಕಲ್ಲು ಮಣ್ಣಿನ ದಾರಿ, ಮ್ಯಾನಿಫೋಲ್ಡ್ ಕೆಂಪಗೆ ಕಾಯುತ್ತದೆ, ಕುಲುಕಾಟ ಬೇರೆ. ಬೆಸುಗೆ ಅಷ್ಟೂ ದೂರ ನಿಲ್ಲುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ನಡುವೆ ಬಾಯಿಬಿಟ್ಟರೆ ಸೆನ್ಸರ್ ಮತ್ತೆ ಪೆಟ್ರೋಲ್ ಸಾಲದು ಎನ್ನುತ್ತದೆ, ಕಂಪ್ಯೂಟರ್ ಸುರಿಯುತ್ತದೆ, ತಿರುವುಗಳಲ್ಲಿ ಕಾರು ಮಂಕಾಗುತ್ತದೆ, ಪ್ಲಗ್ ಮಸಿ ಹಿಡಿದು ಕೊನೆಗೆ ನಿಂತುಬಿಡುತ್ತದೆ.

ಇನ್ನೊಂದು ದಾರಿ ಇತ್ತು. ಸೆನ್ಸರಿನ ವೈರನ್ನೇ ಕಿತ್ತುಬಿಡುವುದು. ಆಗ ಕಂಪ್ಯೂಟರ್ ಎಲ್ಲ ಹೊತ್ತೂ ತನ್ನ ಲೆಕ್ಕದಲ್ಲೇ ನಡೆಯುತ್ತದೆ. ಸೀಳು ಬಿಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ನನ್ನ ತಿರುಪಿನಲ್ಲಿ ತಪ್ಪಿದ್ದರೆ ಅದನ್ನು ತಿದ್ದುವವರೂ ಇರುವುದಿಲ್ಲ. ಪೆಟ್ರೋಲ್ ಜಾಸ್ತಿಯಾದರೆ ಮಸಿ, ಕಮ್ಮಿಯಾದರೆ ಪಿಸ್ಟನ್ ತೂತು. ಎರಡರಲ್ಲಿ ಯಾವುದಾದರೂ ಬೀಗದ ಕೈ ಹೋದಂತೆಯೇ.

ಟ್ಯೂನರ್‌ಗೆ ಫೋನ್ ಮಾಡಿದೆ. "ಎರಡೂ ನಡೆಯುತ್ತೆ ಅಮ್ಮ, ಎರಡರಲ್ಲೂ ಅಪಾಯ ಇದೆ. ಗಾಡಿ ನಿಮ್ಮ ಕೈಲಿದೆ, ನೀವೇ ನೋಡಿ" ಎಂದ. ಸರಿಯಾಗಿಯೇ ಹೇಳಿದ. ಫೋನ್ ಇಟ್ಟು ಷೆಡ್ಡಿಗೆ ಬಂದು ಕೂತೆ. ಯಾರನ್ನು ಕೇಳುವುದು? ಕೇಳಬೇಕಾದವರ ಫೋಟೊ ಗೋಡೆಯ ಮೇಲಿತ್ತು, ಫೋಟೊ ಮಾತಾಡುವುದಿಲ್ಲ, ನಾನು ಅದರ ಜೊತೆ ಮಾತಾಡುವವಳೂ ಅಲ್ಲ. ಎದ್ದು ಹೋಗಿ ವೈರ್ ಕಿತ್ತೆ. ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿದೆ.

ಗುಬ್ಬಿಯವನು ಬಂದು ನೋಡಿ ಗಾಬರಿಯಾದ. "ಈಗ ತಾನೇ ಸರಿ ಹೋಗಿತ್ತಲ್ಲಜ್ಜಿ! ಕಣ್ಣು ಕಿತ್ತಂಗಾಯ್ತಲ್ಲ!"

"ಹೌದು."

"ಡ್ಯಾಷ್ ಬೋರ್ಡಲ್ಲಿ ಕೆಂಪು ಲೈಟ್ ಹತ್ಕೊಂಡೈತೆ."

"ಉರೀಲಿ ಬುಡು. ರಾತ್ರಿ ಓದ್ಕೊಳಕ್ಕೆ ಆಗ್ತದೆ."

"ತಮಾಷೆ ಮಾಡ್ಬೇಡಿ. ಎಂಜಿನ್ ಹೋದ್ರೆ?"

"ಹೋದ್ರೆ ನಿನ್ನ ಎಂಜಿನ್ ಹೋಗ್ತದೆ, ನನ್ನ ಷೆಡ್ ಹೋಗ್ತದೆ. ಬಾ, ಕೋರದ ಕಡೆ ಹೊಡಿ. ಸಂಜೆವರೆಗೂ ಕೆಲ್ಸ ಐತೆ."

ಐದು ತಿರುಪು. ಒಂದೊಂದನ್ನೂ ಬೇರೆ ಬೇರೆಯಾಗಿ ಕೂರಿಸಬೇಕು. ಆ ವೇಗದಲ್ಲಿ ಓಡಿಸಿ, ಕೀ ಆಫ್ ಮಾಡಿ, ಉರುಳಿಸಿ ನಿಲ್ಲಿಸಿ, ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಬಿಸಿಲಿಗೆ ತಿರುಗಿಸಿ ನೋಡಬೇಕು. ತಿರುಪು ಒಂದು ಕೂದಲಷ್ಟು ಆ ಕಡೆಗೋ ಈ ಕಡೆಗೋ. ಒರೆಸಿದ ಪ್ಲಗ್ ಹಾಕಿ ಮತ್ತೆ ಓಡಿಸಬೇಕು. ಲಾರಿಯವರು ಗಾಡಿ ಕೆಟ್ಟಿದೆ ಎಂದುಕೊಂಡು ನಿಧಾನ ಮಾಡಿ ಕೇಳಿ ಹೋಗುತ್ತಿದ್ದರು. ಗುಬ್ಬಿಯವನಿಗೆ ಬೇಜಾರು ಬಂದು ಹುಣಸೆ ಮರದ ಕೆಳಗೆ ಮಲಗಿದ. ನಾನು ಬಾನೆಟ್ ಮೇಲೆ ಪ್ಲಗ್ ಸಾಲಾಗಿ ಇಟ್ಟುಕೊಂಡು ನೋಡುತ್ತಾ ನಿಂತೆ. ಇದು ಸಾಕೇ, ಇನ್ನೊಂದು ಚೂರು ಬೇಕೇ? ಮೂವತ್ತು ವರ್ಷ ಆ ಮಾತು ನನ್ನ ಹಿಂದಿನಿಂದ ಬರುತ್ತಿತ್ತು. ಈಗ ನಾನೇ ಕೇಳಿ ನಾನೇ ಹೇಳಬೇಕು. ಕೊನೆಯ ತಿರುಪಿನಲ್ಲಿ ಮಾತ್ರ ಬೇಕೆಂದೇ ಒಂದು ಎಳೆ ಪೆಟ್ರೋಲ್ ಹೆಚ್ಚಿಗೆ ಬಿಟ್ಟೆ. ಅದು ಜೋರು ವೇಗದ್ದು, ತಪ್ಪಾದರೆ ಪಿಸ್ಟನ್ನಿಗೆ ಬೀಳುವುದು. ಸ್ವಲ್ಪ ಶಕ್ತಿ ಹೋಗುತ್ತದೆ, ಹೋಗಲಿ. ಗೆಲ್ಲಿಸುವುದು ನನ್ನ ಮಾತಾಗಿರಲಿಲ್ಲ, ಮುಗಿಸುವುದು ಮಾತ್ರ.

ಐದೂ ತಿರುಪುಗಳ ಮೇಲೆ ಉಗುರು ಬಣ್ಣದ ಒಂದೊಂದು ಚುಕ್ಕೆ ಇಟ್ಟು ಒಣಗಿಸಿದೆ, ಅಲುಗಾಡಿದರೆ ಗೊತ್ತಾಗಲಿ ಎಂದು. ಬಣ್ಣ ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದದ್ದು.

ರ‍್ಯಾಲಿ ದಿನ ಕುಣಿಗಲ್ ಹತ್ತಿರ ಒಂದು ನೀಲಗಿರಿ ತೋಪಿನಲ್ಲಿ ಗಾಡಿಗಳು ಓಟದ ನಡುವೆ ರಿಪೇರಿಗೆ ನಿಲ್ಲುವ ಜಾಗ. ಬೇರೆ ಟೀಮಿನವರು ಬಣ್ಣದ ಅಂಗಿ ಹಾಕಿಕೊಂಡು ಗುಂಪುಗುಂಪಾಗಿದ್ದರು. ನಾನು ಸ್ಪಾನರ್ ಚೀಲದ ಮೇಲೆ ಕೂತಿದ್ದೆ. ಯಾರೋ ಬಂದು "ಅಜ್ಜಿ, ಇಲ್ಲಿ ಗಾಡಿ ಬರ್ತವೆ, ಆ ಕಡೆ ಹೋಗಿ ಕೂತ್ಕೊಳ್ಳಿ" ಅಂದರು. ನಮ್ಮ ಗಾಡಿಯೂ ಬರುತ್ತದೆ ಎಂದೆ. ನಂಬಿದರೋ ಇಲ್ಲವೋ.

ಕಾರು ಬಂತು. ಧೂಳಿನಲ್ಲಿ ಬಣ್ಣ ಕಾಣುತ್ತಿರಲಿಲ್ಲ. ಗುಬ್ಬಿಯವನು ಹೆಲ್ಮೆಟ್ ತೆಗೆಯುವ ಮೊದಲೇ ಕೂಗಿದ. "ಟಿಕ್ ಟಿಕ್ ಅಂತೈತೆ ಅಜ್ಜಿ! ಬಾಯ್‌ಬುಟ್ಟದೆ!"

ಬಾನೆಟ್ ತೆಗೆದು ಕಿವಿ ಕೊಟ್ಟೆ. ಹೌದು, ಬೆಸುಗೆ ಬಿಟ್ಟಿತ್ತು. ಒಂದು ಪ್ಲಗ್ ಬಿಚ್ಚಿದೆ. ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಪ್ಲಗ್ ಹುರಿದ ರಾಗಿಯ ಬಣ್ಣ. ಮಸಿಯಿಲ್ಲ, ಸುಣ್ಣವಿಲ್ಲ. ಸೀಳಿನಿಂದ ಗಾಳಿ ಒಳಗೆ ಹೋಗುತ್ತಲೇ ಇತ್ತು, ಕಂಪ್ಯೂಟರಿಗೆ ಅದರ ಸುದ್ದಿಯೇ ಇರಲಿಲ್ಲ.

"ಏನ್ಮಾಡೋದೀಗ?"

"ಏನೂ ಮಾಡೋದ್ ಬೇಡ. ನೀರ್ ಕುಡ್ದು ಹೊರಡು."

"ಸದ್ದು?"

"ಸದ್ದು ನಿನ್ ಕಿವಿಗೆ, ಗಾಡಿಗಲ್ಲ. ಹೋಗೋ!"

ಅವನು ಎಷ್ಟನೆಯವನಾಗಿ ಬಂದ ಎಂದು ಕೇಳಿದರೆ, ನಡುವೆ ಎಲ್ಲೋ. ಅವನಿಗೂ ಅದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಆದರೆ ಮುಗಿಸಿದ. ತೋಪಿನಲ್ಲಿ ಒಂದಿಬ್ಬರು ಬಂದು ಬಾನೆಟ್ಟಿನೊಳಗೆ ಇಣುಕಿ, ಕಟ್ಟಿಟ್ಟ ವೈರ್ ನೋಡಿ, "ಮೇಸ್ತ್ರಿ ಯಾರು?" ಎಂದು ಗುಬ್ಬಿಯವನನ್ನು ಕೇಳಿದರು. ಅವನು ನನ್ನ ಕಡೆ ಕೈ ತೋರಿಸಿದ. ಅವರು ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದರು. ಯಾರೂ ಇರಲಿಲ್ಲ.

ನಾನು ಬಸ್ಸಿನಲ್ಲಿ ತುಮಕೂರಿಗೆ ವಾಪಸಾದೆ. ಹೊರಡುವಾಗ ಬೀಗದ ಕೈಯನ್ನು ಮೈದುನನ ಅಂಗಡಿಯಲ್ಲಿ ಇಟ್ಟು ಹೋಗಿದ್ದೆ. ಷೆಡ್ಡಿನ ಮುಂದೆ ಹೋದರೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಟೈರ್ ಪೇರಿಸಿದ್ದ. ನಾನು ಬರುವವರೆಗೂ ಕಾಯುವ ತಾಳ್ಮೆಯೂ ಇರಲಿಲ್ಲ ನಮ್ಮ ಮೈದುನನಿಗೆ.

"ನಿಂತೋಯ್ತಂತೆ ಅಂತ ಯಾರೋ ಅಂದ್ರು ಅತ್ತಿಗೆ..."

"ಮುಗಿಸ್ತು."

"ಮುಗಿಸ್ತಾ?"

"ಮುಗಿಸ್ತು. ಗೆಲ್ಲಲಿಲ್ಲ. ಟೈರ್ ತೆಗಿ."

ಅವನು ಒಂದೊಂದೇ ಟೈರನ್ನು ಉರುಳಿಸಿಕೊಂಡು ಹೋದ. ನಾನು ನೆರವಿಗೆ ಹೋಗಲಿಲ್ಲ. ಕೊನೆಯದನ್ನು ಉರುಳಿಸುವಾಗ ಬಾಗಿಲಲ್ಲಿ ನಿಂತು, "ಇನ್ಮೇಲೆ ಯಾವ್ ಗಾಡಿ ಬರ್ತದೆ ಅತ್ತಿಗೆ?" ಎಂದು ಕೇಳಿದ. ಚುಚ್ಚುವುದಕ್ಕೆ ಕೇಳಿದ್ದಲ್ಲ.

"ಗೊತ್ತಿಲ್ಲ."

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎರಡು ದಿನವೂ ನಾನು ಬೆಳಿಗ್ಗೆಯೇ ಬಾಗಿಲು ತೆಗೆದು, ನೆಲ ಗುಡಿಸಿ, ಸ್ಪಾನರುಗಳನ್ನು ಒರೆಸಿ ಸಾಲಾಗಿ ಇಟ್ಟುಕೊಂಡು ಕೂತಿದ್ದೆ.